ಬಿಪಿ ನಿಂತುಕೊಂಡು ನೋಡಿದ್ದೀರಾ?

ನಮ್ಮ ಕಡೆ ಯಾರಾದರೂ ಸುಸ್ತು ಅಂದರೆ ಸಾಕು, ‘ಲೋ ಬಿಪಿ ಇರಬೇಕು, ಉಪ್ಪು ಹಾಕಿ ನಿಂಬೆ ಶರಬತ್ತು ಕುಡಿ’ ಅಂತಾರೆ. ಬಿಪಿ ನೋಡಿರುವುದೇ ಇಲ್ಲ! ಸಾಮಾನ್ಯವಾಗಿ 90/60ಕ್ಕಿಂತ ಕಡಿಮೆ ಇದ್ದರೆ ಲೋ ಬಿಪಿ. ಆದರೆ ನನ್ನ ತಂಗಿಯದು ಯಾವಾಗಲೂ ಅದರ ಆಸುಪಾಸಿನಲ್ಲೇ ಇರುತ್ತದೆ, ಆರಾಮಾಗಿ ಓಡಾಡಿಕೊಂಡಿದ್ದಾಳೆ, ಡಾಕ್ಟರೂ ಏನೂ ಬೇಡ ಅಂದಿದ್ದಾರೆ. ದಿನಾ ಮೇಲಿನ ನಂಬರ್ 150 ಇರುವವರದು ಇದ್ದಕ್ಕಿದ್ದಂತೆ 100 ಆಗಿ ತಲೆ ಸುತ್ತುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ.

ನನಗೆ ಜಾಸ್ತಿ ಭಯ ವಯಸ್ಸಾದವರದ್ದು. ರಾತ್ರಿ ಬಾತ್‌ರೂಮಿಗೆ ಅಂತ ದಡಕ್ಕನೆ ಏಳುತ್ತಾರೆ, ರಕ್ತ ಕಾಲಿನ ಕಡೆ ಇಳಿಯುತ್ತದೆ, ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಹಳೇ ಶುಗರ್, ಯಾವುದರಿಂದಲೂ ಹೀಗಾಗಬಹುದು. ಅಪ್ಪನಿಗೆ ಕೂತು ನೋಡಿದಾಗ ಬಿಪಿ ಸರಿಯಾಗೇ ಇರುತ್ತಿತ್ತು. ಆಮೇಲೆ ಡಾಕ್ಟರ್ ಮಲಗಿಸಿ ಒಮ್ಮೆ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದರು. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಅದೇ ತೊಂದರೆ. ಮನೆಯ ಮೆಷಿನ್ನಲ್ಲೂ ಹೀಗೆ ನೋಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಬಹುದು, ಆದರೆ ಮಾತ್ರೆ ನೀವೇ ನಿಲ್ಲಿಸಬೇಡಿ. ಅಪ್ಪ ಈಗ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತೇ ಏಳುವುದು, ಗೊಣಗಿಕೊಂಡಾದರೂ.

ಇನ್ನು ಮಳೆಗಾಲದ ಡೆಂಗಿ. ಜ್ವರ ಬಿಟ್ಟಿತು ಅಂತ ಮನೆಯವರೆಲ್ಲ ನಿರಾಳ ಆಗುವ ಹೊತ್ತೇ, ಅಂದರೆ ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಅಪಾಯ ಇರುವುದು. ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದೆ. ನಾವೋ ಪ್ಲೇಟ್‌ಲೆಟ್ ಎಣಿಸುತ್ತಾ, ಪಪ್ಪಾಯಿ ಎಲೆ ಹುಡುಕುತ್ತಾ ಇರುತ್ತೇವೆ! ಬಿಪಿ 100/80 ಅಂತ ಬಂದರೆ ನಾರ್ಮಲ್ ಅನ್ನಿಸುತ್ತೆ ಅಲ್ವಾ? ಎರಡರ ನಡುವೆ ಇರುವುದು ಬರೀ 20, ಡೆಂಗಿಯಲ್ಲಿ ಅದು ಶಾಕ್‌ನ, ಅಂದರೆ ದೇಹದ ಅಂಗಗಳಿಗೆ ರಕ್ತ ಸಾಲದೆ ಹೋಗುವ ಸ್ಥಿತಿಯ, ಸೂಚನೆ. ಹೊಟ್ಟೆ ತುಂಬಾ ನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗೆ, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ.

ಡೆಂಗಿ ಇಲ್ಲದಿದ್ದರೂ ತಣ್ಣನೆ ಬೆವರು, ಎದೆನೋವು, ಉಸಿರಾಟದ ಕಷ್ಟ, ಗೊಂದಲದ ಮಾತು, ಡಾಂಬರಿನಂಥ ಕಪ್ಪು ಮಲ, ಇವೆಲ್ಲ ಶರಬತ್ತಿಗೆ ಬಗ್ಗುವಂಥದ್ದಲ್ಲ, 108ಕ್ಕೆ ಫೋನ್ ಮಾಡಿ. ತಲೆ ಸುತ್ತಿ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ಉಸಿರಾಟ ಸರಿ ಇದ್ದರೆ ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕುವವರು ಗುಂಪಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಮೊದಲು ತಡೆಯಿರಿ.