ವಿಗನ್ ಕಪ್ ಗೆದ್ದೂ ಲೀಗ್‌ನಿಂದ ಬಿದ್ದಿದ್ದು ಹೇಗೆ?

ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ವಿಗನ್ ಅಥ್ಲೆಟಿಕ್‌ನ ಅಭಿಮಾನಿ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ. ಎಫ್‌ಎ ಕಪ್ ಗೆದ್ದ ಟೀಮು ಅದೇ ಸೀಸನ್‌ನಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬೀಳುವುದು ಹೇಗೆ? ಕೆಲವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಕಪ್ ಬಿಟ್ಟು ಲೀಗ್ ಕಡೆ ಗಮನ ಕೊಟ್ಟಿದ್ರೆ ಉಳಿದುಕೊಳ್ತಿದ್ರು ಅಲ್ವಾ ಅಂತ ಇನ್ನೊಂದು ಮಾತು ಸೇರಿಸುತ್ತಾರೆ. ಆ ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಒಂದು ವಿಷಯ. ಐಪಿಎಲ್‌ನಲ್ಲಿ ಕೊನೆಗೆ ಬಂದ ಟೀಮು ಮುಂದಿನ ವರ್ಷ ಮತ್ತೆ ಅಲ್ಲೇ ಆಡುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹಾಗಲ್ಲ. ಪ್ರೀಮಿಯರ್ ಲೀಗ್‌ನಲ್ಲಿ 20 ಟೀಮು, ಒಂದೊಂದಕ್ಕೂ 38 ಪಂದ್ಯ, ಕೊನೆಯ ಮೂರು ಟೀಮು ಕೆಳಗಿನ ಲೀಗಿಗೆ. ಎಫ್‌ಎ ಕಪ್ ಪೂರ್ತಿ ಬೇರೆ. ಅದರಲ್ಲಿ ಎಲ್ಲ ಲೀಗಿನವರೂ ಇರುತ್ತಾರೆ, ಸೋತರೆ ಮನೆಗೆ. ದೊಡ್ಡ ಟೀಮುಗಳು ಮೂರನೇ ಸುತ್ತಿಗೆ ಬಂದು ಸೇರುತ್ತವೆ. ಅಲ್ಲಿಂದ ಆರು ಸುತ್ತು ದಾಟಿದರೆ ಕಪ್ ಕೈಗೆ.

2012-13ರಲ್ಲಿ ವಿಗನ್ ಕಪ್‌ನಲ್ಲಿ ಏಳು ಪಂದ್ಯ ಆಡಿತು. ಬೋರ್ನ್‌ಮತ್ ವಿರುದ್ಧ ಮೊದಲ ಪಂದ್ಯ 1-1 ಡ್ರಾ ಆಗಿ ಮತ್ತೆ ಆಡಬೇಕಾಯಿತು, ಅದಕ್ಕೇ ಏಳು. ಆಮೇಲೆ ಮ್ಯಾಕಲ್ಸ್‌ಫೀಲ್ಡ್, ಹಡರ್ಸ್‌ಫೀಲ್ಡ್, ಎವರ್ಟನ್, ಮಿಲ್‌ವಾಲ್, ಕೊನೆಗೆ ಮ್ಯಾಂಚೆಸ್ಟರ್ ಸಿಟಿ. ಈ ಏಳು ಪಂದ್ಯದಲ್ಲಿ ಹೊಡೆದದ್ದು 13 ಗೋಲು, ಬಿಟ್ಟುಕೊಟ್ಟದ್ದು ಎರಡೇ. ಲೀಗ್‌ನ 38 ಪಂದ್ಯದಲ್ಲಿ ಅದೇ ಟೀಮು, ಅದೇ ಮ್ಯಾನೇಜರ್ ರೊಬೆರ್ಟೊ ಮಾರ್ಟಿನೆಜ್, 73 ಗೋಲು ಬಿಟ್ಟುಕೊಟ್ಟಿತು. ಗೆದ್ದದ್ದು 9, ಸೋತದ್ದು 20. ಉತ್ತರ ಇಲ್ಲೇ ಇದೆ. ಕಪ್‌ನಲ್ಲಿ ಎದುರಾದ ಆರು ಟೀಮುಗಳಲ್ಲಿ ಪ್ರೀಮಿಯರ್ ಲೀಗ್‌ನವು ಎರಡೇ, ಎವರ್ಟನ್ ಮತ್ತು ಸಿಟಿ. ಲೀಗ್‌ನಲ್ಲಿ ಅಂಥವರೇ ವಾರ ವಾರ ಎದುರಿಗೆ ಬರುತ್ತಾರೆ. ಒಂದು ಒಳ್ಳೆಯ ದಿನ ಎಂಥ ಟೀಮನ್ನೂ ಸೋಲಿಸುವ ಶಕ್ತಿ ವಿಗನ್‌ಗೆ ಇತ್ತು. ಎವರ್ಟನ್‌ ಮೈದಾನಕ್ಕೇ ಹೋಗಿ ಕೆಲವೇ ನಿಮಿಷಗಳಲ್ಲಿ ಮೂರು ಗೋಲು ಹೊಡೆದು 3-0 ಗೆದ್ದರಲ್ಲ, ಅದು ಸುಮ್ನೆ ಆಗುವ ಕೆಲಸ ಅಲ್ಲ. ಆದರೆ ಅಂಥ ದಿನಗಳು ಆಗಸ್ಟ್‌ನಿಂದ ಮೇ ತನಕ ಸಾಲುಸಾಲಾಗಿ ಬರಲಿಲ್ಲ.

ಇನ್ನು ಫೈನಲ್. 2013ರ ಮೇ 11, ಶನಿವಾರ, ಲಂಡನ್‌ನ ವೆಂಬ್ಲಿ ಮೈದಾನ. ನಮಗೆ ಇಲ್ಲಿ ರಾತ್ರಿ ಒಂಬತ್ತೂಮುಕ್ಕಾಲು. ಆ ಸೀಸನ್‌ನ ಎರಡೂ ಲೀಗ್ ಪಂದ್ಯಗಳಲ್ಲಿ ಸಿಟಿ ವಿಗನ್‌ ಅನ್ನು ಸೋಲಿಸಿತ್ತು. ಆ ದಿನ ಮಾತ್ರ ಕ್ಯಾಲಮ್ ಮ್ಯಾಕ್‌ಮನಮನ್ ಅನ್ನೋ ಹುಡುಗ ಸಿಟಿಯ ಡಿಫೆನ್ಸ್‌ಗೆ ಉಸಿರಾಡಲು ಬಿಡಲಿಲ್ಲ. ಅವನನ್ನು ತಡೆಯಲು ಹೋಗಿ ಜಬಲೇಟಾ ಎರಡನೇ ಹಳದಿ ಕಾರ್ಡ್ ತಿಂದು ಹೊರಗೆ ನಡೆದ. ವಿಗನ್‌ನ ಬೆನ್ ವಾಟ್ಸನ್ ಮೈದಾನಕ್ಕೆ ಇಳಿದದ್ದೇ ಕೊನೆಯ ಹತ್ತು ನಿಮಿಷಕ್ಕೆ. ನವೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧದ ಲೀಗ್ ಪಂದ್ಯದಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗೆ ಕೂತಿದ್ದ ಆಟಗಾರ ಅವನು. 91ನೇ ನಿಮಿಷ. ಶಾನ್ ಮಲೋನಿ ಕಾರ್ನರ್ ಒದ್ದ. ವಾಟ್ಸನ್ ಹತ್ತಿರದ ಗೋಲುಕಂಬದ ಕಡೆ ಓಡಿ ಬಂದು ಚೆಂಡಿಗೆ ತಲೆ ಕೊಟ್ಟ. ಚೆಂಡು ಗೋಲ್‌ಕೀಪರ್ ತಲೆ ಮೇಲಿಂದ ಬಲೆಯೊಳಗೆ. 1-0. ಇಷ್ಟು ವರ್ಷ ಆದರೂ ಆ ಹೆಡರ್ ನೋಡಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಇಲ್ಲಿ ಡೇವ್ ವೀಲನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆಗ ವಿಗನ್ ಕ್ಲಬ್‌ನ ಯಜಮಾನರು. ಸ್ವತಃ ಫುಟ್‌ಬಾಲ್ ಆಟಗಾರರಾಗಿದ್ದವರು. 1960ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡುವಾಗ ಇದೇ ಜಾಗದಲ್ಲಿದ್ದ ಹಳೆಯ ವೆಂಬ್ಲಿಯಲ್ಲಿ ಅವರ ಕಾಲು ಮುರಿದಿತ್ತು. ಆಗ ಬದಲಿ ಆಟಗಾರರನ್ನು ಇಳಿಸುವ ನಿಯಮ ಇರಲಿಲ್ಲ, ಅವರ ಟೀಮು ಹತ್ತೇ ಜನರಲ್ಲಿ ಆಡಿ ಸೋತಿತು. 1995ರಲ್ಲಿ ಅವರು ವಿಗನ್ ಕೊಂಡಾಗ ಅದು ನಾಲ್ಕನೇ ದರ್ಜೆಯ ಲೀಗ್‌ನಲ್ಲಿತ್ತು. ಹತ್ತೇ ವರ್ಷದಲ್ಲಿ ಪ್ರೀಮಿಯರ್ ಲೀಗ್. 2013ರ ಫೈನಲ್ ದಿನ ಟೀಮನ್ನು ಮೈದಾನಕ್ಕೆ ಕರೆದುಕೊಂಡು ಬಂದವರು 76 ವರ್ಷದ ಅವರೇ. ಕಾಲು ಮುರಿದ ಯಜಮಾನ, ಕಾಲು ಮುರಿದಿದ್ದ ಆಟಗಾರ ಹೊಡೆದ ಗೋಲು.

ಮೂರು ದಿನ ಕಳೆದು ಮಂಗಳವಾರ, ಆರ್ಸೆನಲ್ ಮೈದಾನ. ಸೋತರೆ ಕಥೆ ಮುಗಿಯಿತು. ಮಲೋನಿ ಫ್ರೀ ಕಿಕ್‌ನಿಂದ ಗೋಲು ಹೊಡೆದು ಅರ್ಧ ಪಂದ್ಯ ಮುಗಿಯುವಾಗ 1-1 ಮಾಡಿದ. ಆಮೇಲೆ 63, 68, 71ನೇ ನಿಮಿಷಕ್ಕೆ ಆರ್ಸೆನಲ್‌ನಿಂದ ಒಂದರ ಹಿಂದೆ ಒಂದು ಮೂರು ಗೋಲು. 4-1 ಸೋಲು. ಎಂಟು ವರ್ಷದ ಪ್ರೀಮಿಯರ್ ಲೀಗ್ ವಾಸ ಅಲ್ಲಿಗೆ ಮುಗಿಯಿತು. ಕಪ್ ಗೆದ್ದ ಸೀಸನ್‌ನಲ್ಲೇ ಕೆಳಗಿಳಿದ ಮೊದಲ ಟೀಮು ವಿಗನ್. ಕೊನೆಗೆ 36 ಪಾಯಿಂಟ್, 18ನೇ ಸ್ಥಾನ. ಉಳಿದುಕೊಂಡ ಸಂಡರ್‌ಲ್ಯಾಂಡ್‌ಗೆ 39.

ಈಗ ಆ ಎರಡನೇ ಮಾತಿಗೆ ಬರುತ್ತೇನೆ. ಕಪ್‌ನಿಂದ ದಣಿವಾಗಿದ್ದು, ಪಂದ್ಯಗಳು ಒತ್ತೊತ್ತಾಗಿ ಬಿದ್ದಿದ್ದು ನಿಜ. ಆದರೆ ಫೈನಲ್‌ಗೆ ನಾಲ್ಕು ದಿನ ಮುಂಚೆ ಸ್ವಾನ್ಸೀ ವಿರುದ್ಧ ನಮ್ಮ ಮೈದಾನದಲ್ಲೇ ಎರಡು ಸಲ ಮುಂದಿದ್ದು 2-3 ಸೋತೆವು ನೋಡಿ, ನನ್ನ ಪ್ರಕಾರ ಲೀಗ್ ಕೈತಪ್ಪಿದ್ದು ಅಲ್ಲಿ. ಡಿಫೆಂಡರ್ ರಾಮಿಸ್ ಮಂಡಿಗೆ ಪೆಟ್ಟು ಮಾಡಿಕೊಂಡದ್ದೂ ಜನವರಿಯ ಒಂದು ಲೀಗ್ ಪಂದ್ಯದಲ್ಲೇ. ವಾಟ್ಸನ್ ಕಾಲು ಮುರಿದದ್ದೂ ಲೀಗ್‌ನಲ್ಲೇ. ಹಿಂದಿನ ಎರಡು ಸೀಸನ್ ಕೊನೇ ಗಳಿಗೆಯಲ್ಲಿ ಬಚಾವ್ ಆಗಿದ್ದೆವು. ಈ ಸಲ ಆಗಲಿಲ್ಲ. 73 ಗೋಲು ಬಿಟ್ಟುಕೊಟ್ಟದ್ದಕ್ಕೆ ಕಪ್ ಕಾರಣ ಅನ್ನುವುದು ಸರಿಯಲ್ಲ.

ಕಪ್ ಬೇಕಾ, ಲೀಗ್‌ನಲ್ಲಿ ಇನ್ನೊಂದು ವರ್ಷ ಬೇಕಾ ಅಂತ ಇವತ್ತು ಕೇಳಿದರೂ ನಾನು ಕಪ್ ಅಂತಲೇ ಹೇಳುತ್ತೇನೆ. ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್‌ಗಳು ಆಡುವ ಯುರೋಪಾ ಲೀಗ್‌ಗೆ ಎರಡನೇ ದರ್ಜೆಯ ಟೀಮಾಗಿಯೇ ಹೋಗಿ ರೂಬಿನ್ ಕಜಾನ್, ಮಾರಿಬೋರ್ ಜೊತೆ ಆಡಿದ್ದು ಆ ಕಪ್‌ನಿಂದ. ಮುಂದಿನ ವರ್ಷದ ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಅದೇ ಸಿಟಿ ಸಿಕ್ಕಿತು, ಈ ಸಲ ಅವರದೇ ಮೈದಾನದಲ್ಲಿ. 2-1, ಗೆದ್ದದ್ದು ವಿಗನ್.