ಸಿಗ್ನಲ್‌ನಲ್ಲಿ ನಿಂತ ಅತ್ತಿಗೆ

ಹೋದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ದಾವಣಗೆರೆಗೆ ಹೋಗಿದ್ದೆ. ಅತ್ತಿಗೆಯ ಸ್ಕೂಟಿಯಲ್ಲಿ ಹಿಂದೆ ಕೂತು ಪೇಟೆಗೆ ಹೊರಟೆ. ಪಿ.ಬಿ. ರಸ್ತೆಯಲ್ಲಿ ಸಿಗ್ನಲ್ ಕೆಂಪಾಯಿತು. ಅತ್ತಿಗೆ ಬಿಳಿ ಗೆರೆಯ ಹಿಂದೆಯೇ ನಿಲ್ಲಿಸಿದರು. ಹಿಂದಿದ್ದ ಬೈಕಿನ ಹುಡುಗ ಹಾರ್ನ್ ಬಿಡಲೇ ಇಲ್ಲ. "ಅಕ್ಕಾ, ಪೊಲೀಸ್ ಇಲ್ಲ, ಹೋಗ್ರಿ!" ಅಂದ. ಅತ್ತಿಗೆ ತಿರುಗಿಯೂ ನೋಡಲಿಲ್ಲ. ಬ್ರೇಕ್ ಹಿಡಿದ ಅವರ ಬೆರಳು ಬಿಗಿಯಾಗಿದ್ದು ನನಗೆ ಕಾಣುತ್ತಿತ್ತು. ಕೊನೆಗೆ ಅವನು ನಮ್ಮ ಕನ್ನಡಿಗೆ ತಾಗಿಸಿಕೊಂಡೇ ನುಗ್ಗಿದ. ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಿತ್ತು. "ಓಡ್ಸಾಕೆ ಬರಲ್ಲ ಅಂದ್ರೆ ಗಾಡಿ ಯಾಕ್ ತರ್ತೀರಾ" ಅಂತ ಕೂಗಿ ಹೋದ.

ಇಂಗ್ಲೆಂಡಿಗೆ ವಾಪಸ್ ಬಂದ ಮೇಲೂ ಆ ಮಾತು ತಲೆಯಿಂದ ಹೋಗಿಲ್ಲ. ಕೆಂಪು ದೀಪಕ್ಕೆ ನಿಂತ ಹೆಂಗಸಿಗೆ ಓಡಿಸೋಕೆ ಬರಲ್ಲ ಅನ್ನೋ ಪಟ್ಟ ಕಟ್ಟಿದರೆ ಹೇಗೆ?

ಇಲ್ಲಿನ ಇನ್ಶೂರೆನ್ಸ್‌ನವರ ಲೆಕ್ಕ ಬೇರೆಯೇ ಇತ್ತು. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರಿಂದ ಹುಡುಗಿಯರಿಗಿಂತ ಜಾಸ್ತಿ ಪ್ರೀಮಿಯಂ ತೆಗೆದುಕೊಳ್ಳುತ್ತಿದ್ದರು. ಹುಡುಗರು ಮಾಡುವ ಅಪಘಾತಗಳಿಗೆ ಜಾಸ್ತಿ ಹಣ ಕಟ್ಟಿಕೊಡಬೇಕಾಗುತ್ತಿತ್ತು, ಅಷ್ಟೇ. 2011ರಲ್ಲಿ ಯುರೋಪಿನ ನ್ಯಾಯಾಲಯ ಹೆಣ್ಣು-ಗಂಡು ನೋಡಿ ದರ ಹಾಕಬಾರದು ಎಂದಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂತು. ಆದರೂ ಬ್ರಿಟನ್ನಿನ ರಸ್ತೆಗಳಲ್ಲಿ ಸಾಯುವ ನಾಲ್ವರಲ್ಲಿ ಸುಮಾರು ಮೂವರು ಇವತ್ತಿಗೂ ಗಂಡಸರೇ. ಅವರು ಜಾಸ್ತಿ ದೂರ ಓಡಿಸುತ್ತಾರೆ, ನಿಜ. ಮೈಲಿಗಿಷ್ಟು ಅಂತ ಲೆಕ್ಕ ಹಾಕಿದರೂ ವ್ಯತ್ಯಾಸ ಉಳಿಯುತ್ತದೆ.

ಹೆಂಗಸರು ತಪ್ಪೇ ಮಾಡಲ್ಲ ಅಂತಲ್ಲ. ಅವತ್ತು ಹಿಂದೆ ಕೂತ ನನ್ನ ತಲೆ ಮೇಲೂ ಹೆಲ್ಮೆಟ್ ಇರಲಿಲ್ಲ. ಹಿಂದೆ ಕೂತವರಿಗೂ ಕಡ್ಡಾಯ ಅಂತ ಗೊತ್ತಿದ್ದೂ ಹಾಕಿರಲಿಲ್ಲ. ಇಂಗ್ಲೆಂಡಿನಲ್ಲಾದರೆ ಅಂಥ ಸಡಿಲತನ ನನ್ನಲ್ಲಿ ಬರುವುದಿಲ್ಲ. ಲೈಸೆನ್ಸ್ ಸಿಕ್ಕ ಮೊದಲ 2 ವರ್ಷದಲ್ಲಿ ತಪ್ಪಿಗೆ ಹಾಕುವ ದಂಡದ ಪಾಯಿಂಟ್ 6 ಬಿದ್ದರೆ ಲೈಸೆನ್ಸೇ ಹೋಗುತ್ತದೆ. ಮತ್ತೆ ಎಲ್ ಬೋರ್ಡ್‌ನಿಂದ ಶುರು. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೆ ಒಂದೇ ಸಲಕ್ಕೆ 6. ಪೊಲೀಸ್ ಇರಲಿ ಬಿಡಲಿ, ಕೈ ತಾನಾಗೇ ಹಿಂದೆ ಸರಿಯುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು. ನೂರರಲ್ಲಿ 85ಕ್ಕಿಂತ ಜಾಸ್ತಿ ಗಂಡಸರು. ಆ ಬೈಕಿನ ಹುಡುಗನ ಮನೆಯಲ್ಲೂ ಯಾರೋ ಊಟಕ್ಕೆ ಕಾಯುತ್ತಿದ್ದರು, ಅಲ್ವಾ?

ಅಣ್ಣನ ಮಗನಿಗೆ ಈ ವರ್ಷ 18 ತುಂಬುತ್ತದೆ. ಬೈಕ್ ಕೇಳುತ್ತಿದ್ದಾನೆ. ಅಣ್ಣನೇ ಕಲಿಸೋದು ಅಂತ ಮನೆಯಲ್ಲಿ ಮಾತಾಗಿದೆ. ಮೊನ್ನೆ ಫೋನ್ ಮಾಡಿ ಹೇಳಿದೆ: "ಅಣ್ಣಾ, ಗೇರ್ ಹಾಕೋದು ನೀನು ಹೇಳಿಕೊಡು. ಸಿಗ್ನಲ್ ದಾಟೋದು ಮಾತ್ರ ಅತ್ತಿಗೆ ಕಲಿಸಲಿ."