ಬೆನ್ನ ಮೇಲಿನ ಭಾರ

ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೀತಿದ್ದೆ. ಬೆನ್ನಿಗೆ 16 ಲೀಟರಿನ ಟ್ಯಾಂಕು. ನಂದಿಬೆಟ್ಟದ ಕಡೆಯಿಂದ ಗುಡುಗಿದ ಹಾಗೆ ಸದ್ದು ಬಂತು. ತಲೆ ಎತ್ತೋ ಹೊತ್ತಿಗೆ ಫೈಟರ್ ಜೆಟ್ ಹೋಗಿಯಾಗಿತ್ತು, ಸದ್ದು ಮಾತ್ರ ಚಪ್ಪರದ ತಂತಿಗಳಲ್ಲಿ ನಡುಗ್ತಾ ಇತ್ತು. ಯಲಹಂಕದಲ್ಲಿ ಏರ್ ಶೋ ಹತ್ತಿರ ಬಂದ್ರೆ ಚಿಕ್ಕಬಳ್ಳಾಪುರದ ನಮಗೂ ಇಂಥ ಪುಕ್ಕಟೆ ದರ್ಶನ.

ರಫೇಲ್ ಥರದ ಜೆಟ್ ಗಕ್ಕನೆ ತಿರುಗಿದರೆ ಪೈಲಟ್ ಮೇಲೆ 9 ಜಿ ವರೆಗೆ, ಭೂಮಿಯ ಸೆಳೆತದ ಒಂಬತ್ತು ಪಟ್ಟು, ಒತ್ತಡ. ಅಂದ್ರೆ 70 ಕೆಜಿಯ ಆಸಾಮಿ ಆ ಗಳಿಗೆಯಲ್ಲಿ 630 ಕೆಜಿ! ರಕ್ತವೆಲ್ಲ ಕಾಲಿಗಿಳಿದು ಕಣ್ಣು ಕತ್ತಲಾಗುತ್ತೆ. ಅದಕ್ಕೇ ಜಿ-ಸೂಟ್: ಗಾಳಿ ತುಂಬಿಕೊಂಡು ತೊಡೆ, ಹೊಟ್ಟೆಯನ್ನು ಬಿಗಿಯಾಗಿ ಅದುಮುತ್ತೆ. ಪೈಲಟ್ಟೂ ಕಾಲು, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ ಕಟ್ಟಿ ಬಿಡಬೇಕು. ಅದರ ನಡುವೆಯೇ ರೇಡಾರ್ ನೋಡ್ಬೇಕು, ರೇಡಿಯೋದಲ್ಲಿ ಮಾತಾಡ್ಬೇಕು. ನನಗೋ, ಔಷಧಿ ಹೊಡೀವಾಗ ಫೋನ್ ಬಂದ್ರೇ ಸಾಲು ತಪ್ಪುತ್ತೆ.

ಚಿಕ್ಕಪ್ಪನಿಗೆ ಹೇಳಿದೆ. ಬದುವಿನ ಮೇಲೆ ಕೂತು ಯೋಚನೆ ಮಾಡಿ, “ಹೆಲ್ಮೆಟ್ ಬೇರೆ ಹಾಕಿರ್ತಾನೆ. ಕತ್ತು ನೋಯಲ್ವೇನೋ ಪಾಪ?” ಅಂದ್ರು.

ನೋಯುತ್ತೆ. ಫೈಟರ್ ಪೈಲಟ್‌ಗಳಿಗೆ ಕತ್ತು ನೋವು ಮಾಮೂಲಿ. “ಹಂಗಾದ್ರೆ ನಮ್ಮೋನೇ ಬಿಡು” ಅಂತ ಟ್ಯಾಂಕಿಗೆ ನೀರು ತುಂಬೋಕೆ ಎದ್ರು. ಇನ್ನೂ ನಾಲ್ಕು ಸಾಲು ಬಾಕಿ.